ಕೊಯಿಂಬ್ರಾದಲ್ಲಿ ಒಗೆದ ಬಟ್ಟೆ

ಐನ್ ಖಾಲಿದ್

ಗಲ್ಫಿನಲ್ಲಿ ಇಲ್ಲದವರಿಗೆ ಮೊದಲು ಒಂದು ವಿಷಯ ಹೇಳಬೇಕು. ಇಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಅಬಾಯ ಶಾಂಪೂ ಎಂದೇ ಒಂದು ಬಾಟಲಿ ಸಿಗುತ್ತದೆ. ತಲೆಗೆ ಹಚ್ಚುವುದಲ್ಲ, ಹೆಂಗಸರ ಕಪ್ಪು ನಿಲುವಂಗಿ ಒಗೆಯುವುದಕ್ಕೆ. ಎಷ್ಟು ಸಲ ಒಗೆದರೂ ಕಪ್ಪು ಬಟ್ಟೆ ಬೂದು ತಿರುಗದ ಹಾಗೆ ನೋಡಿಕೊಳ್ಳುತ್ತದೆ, ಮೇಲಿಂದ ಊದ್ ಎಂಬ ಅಗರಿನ ಪರಿಮಳ ಬೇರೆ. ಊರಿಗೆ ಹೋದಾಗ ನನ್ನ ನಾದಿನಿ ಅದನ್ನು ನೋಡಿ, "ಬಟ್ಟೆಗೂ ಶಾಂಪೂ ಹಾಕುವಷ್ಟು ದೊಡ್ಡ ಜನ ಆಗಿಬಿಟ್ಟಿರಾ ಅತ್ತಿಗೆ?" ಎಂದು ಕೇಳಿದ್ದಳು. ನಗುವವರು ನಗಲಿ. ಆ ಬಾಟಲಿ ಇಲ್ಲದೆ ನಾನು ಎಲ್ಲಿಗೂ ಹೊರಡುವವಳಲ್ಲ. ಪೋರ್ಚುಗಲ್ಲಿಗೂ ಒಂದು ಬಾಟಲಿ ಹೊರಟಿತು. ಆದದ್ದೆಲ್ಲ ಅದರಿಂದಲೇ ಆಯಿತು.

ನಾನು ಬಂಟ್ವಾಳದ ಕಡೆಯ ಬ್ಯಾರಿ ಹೆಂಗಸು. ಮದುವೆಯಾಗಿ ಬಂದ ದೋಹಾದಲ್ಲೇ ತಲೆಗೂದಲು ನರೆಯುತ್ತಿದೆ. ಇವರಿಗೆ, ಅಂದರೆ ನನ್ನ ಯಜಮಾನರಿಗೆ, ಅಲ್ ಮನ್ಸೂರಾದಲ್ಲಿ ಚಿಲಕ, ಬೀಗ, ನಲ್ಲಿ ಸಾಮಾನಿನ ಅಂಗಡಿ. ನಾನು ಐನ್ ಖಾಲಿದ್‌ನ ಮನೆಯಲ್ಲಿ ಕುಳಿತು ಪರಿಚಯದವರ ಅಬಾಯಗಳನ್ನು ಉದ್ದ ಗಿಡ್ಡ ಮಾಡಿಕೊಡುತ್ತೇನೆ, ಹರಿದದ್ದಕ್ಕೆ ರಫೂ ಹಾಕುತ್ತೇನೆ. ನಾನು ರಫೂ ಹಾಕಿದ ಜಾಗ ಎಲ್ಲಿ ಎಂದು ಬಟ್ಟೆಯ ಒಡತಿಗೂ ಆಮೇಲೆ ಗೊತ್ತಾಗುವುದಿಲ್ಲ. ಜಂಬ ಅಂತ ಬೇಕಾದರೆ ಹೇಳಿ.

ನಮ್ಮ ಒಬ್ಬಳೇ ಮಗಳು ಅಫ್ರಾ. ಹಳೆಯ ಕಟ್ಟಡಗಳನ್ನು ಉಳಿಸಿಕೊಳ್ಳುವ ವಿದ್ಯೆ ಕಲಿಯುತ್ತೇನೆಂದು ಹಟ ಹಿಡಿದು ಪೋರ್ಚುಗಲ್ಲಿನ ಕೊಯಿಂಬ್ರಾ ಎಂಬ ಸಣ್ಣ ಊರಿಗೆ ಹೋದವಳು. ಆ ಊರಿನ ವಿಶ್ವವಿದ್ಯಾಲಯ ಎಷ್ಟು ಹಳೆಯದೆಂದರೆ, ಊರೇ ಅದರ ಸುತ್ತ ಬೆಳೆದ ಹಾಗಿದೆ. ಅವಳ ಡಿಗ್ರಿ ಮುಗಿಯುತ್ತ ಬಂದಾಗ ಫೋನಿನಲ್ಲಿ ಹೊಸ ರಾಗ ಶುರುವಾಯಿತು: ಇನ್ನೂ ಎರಡು ವರ್ಷ ಅಲ್ಲೇ ಓದಬೇಕು. ಅದೇ ಹೊತ್ತಿಗೆ ದೋಹಾದ ಪಕ್ಕದ ಅಲ್ ವಕ್ರಾದ ಒಳ್ಳೆಯ ಮನೆಯವರೊಬ್ಬರು ಮಗನಿಗೆ ಅವಳನ್ನು ಕೇಳಿಕೊಂಡು ಬಂದಿದ್ದರು. ಇವರು ಎರಡನ್ನೂ ಕೇಳಿಸಿಕೊಂಡು ಕೊನೆಗೆ ಭಾರ ನನ್ನ ತಲೆಗೆ ಹಾಕಿದರು.

"ನೀನು ಹೋಗಿ ಕಣ್ಣಾರೆ ನೋಡಿ ಬಾ. ಅವಳು ಎಂತ ತಿಂತಾಳೆ, ಯಾರೊಟ್ಟಿಗೆ ಇದ್ದಾಳೆ, ಎಲ್ಲ ನೋಡು. ನೀನು ಬೇಡ ಅಂದ್ರೆ ಖಲಾಸ್, ಟಿಕೆಟ್ ತೆಗೆದು ಕರ್ಕೊಂಡು ಬಾ. ಆಯ್ತು ಅಂದ್ರೆ ಆಯ್ತು."

"ನೀವೂ ಬನ್ನಿ."

"ಅಂಗಡಿ ಯಾರು ನೋಡುದು?"

ಇದು ಅವರ ಎಲ್ಲ ಪ್ರಶ್ನೆಗೂ ಒಂದೇ ಉತ್ತರ. ಅವರ ಮುಂದಿನ ಹಲ್ಲೊಂದು ಅಲುಗಾಡಲು ಶುರುವಾಗಿ ಎಷ್ಟೋ ಕಾಲವಾಯಿತು. ರೊಟ್ಟಿ ಕಚ್ಚಲಿಕ್ಕಾಗದೆ ಚೂರು ಮಾಡಿ ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ. ಹಲ್ಲಿನ ಡಾಕ್ಟರ ಬಳಿ ಹೋಗಿ ಎಂದರೂ ಅಂಗಡಿ ಯಾರು ನೋಡುವುದು ಎಂದೇ ಕೇಳುತ್ತಾರೆ. ಹಾಗಾಗಿ ನಾನೊಬ್ಬಳೇ ಕೋರಿರೊಟ್ಟಿ, ಮಸಾಲೆ ಪುಡಿ, ಖರ್ಜೂರ, ಹೊಲಿಗೆಯ ಡಬ್ಬಿ ಮತ್ತು ಆ ಬಾಟಲಿಯೊಂದಿಗೆ ವಿಮಾನ ಹತ್ತಿದೆ. ಕರೆದುಕೊಂಡೇ ಬರುತ್ತೇನೆಂದು ಮನಸ್ಸಿನಲ್ಲಿ ಅರ್ಧ ನಿರ್ಧರಿಸಿಯೂ ಆಗಿತ್ತು. ನಾಲ್ಕು ರಾತ್ರಿ ಮಲಗಿ, ಐದನೆಯ ದಿನ ಅವಳ ಪೆಟ್ಟಿಗೆ ಕಟ್ಟಿಸುವುದು ಎಂದು.

ಲಿಸ್ಬನ್ನಿನಿಂದ ರೈಲು

ಲಿಸ್ಬನ್ನಿನಿಂದ ಕೊಯಿಂಬ್ರಾಕ್ಕೆ ರೈಲು. ಪಕ್ಕದ ಸೀಟಿನಲ್ಲಿ ಟೋಪಿ ಹಾಕಿದ ಒಬ್ಬ ಮುದುಕರು. ಅವರಿಗೆ ಇಂಗ್ಲಿಷ್ ಇಲ್ಲ, ನನಗೆ ಪೋರ್ಚುಗೀಸ್ ಇಲ್ಲ. ದೋಹಾದಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡರೂ ಹಿಂದಿ, ಇಲ್ಲವೇ ಮಲಯಾಳಂ ಎತ್ತಿದರೆ ದಾರಿ ಸಿಗುತ್ತದೆ. ಇಲ್ಲಿ ಎರಡೂ ಮಾಫಿ, ಅಂದರೆ ಇಲ್ಲವೇ ಇಲ್ಲ. ನಾನು ನನ್ನ ಎದೆ ಮುಟ್ಟಿ "ಕೊಯಿಂಬ್ರಾ" ಎಂದೆ. ಅವರು ತಲೆಯಾಡಿಸಿ ಒಂದು ಕಿತ್ತಳೆ ಸುಲಿದು ಅರ್ಧ ನನಗೆ ಕೊಟ್ಟರು. ಬೇಡ ಎಂದರೂ ಕೇಳಲಿಲ್ಲ. ನಾನು ಖರ್ಜೂರ ಕೊಟ್ಟೆ, ಅವರು ಬೀಜವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ನೆಡುವ ಅಂದಾಜೋ ಏನೋ.

ಕೊಯಿಂಬ್ರಾ ಎಂದು ಹೆಸರು ಬರೆದ ಒಂದು ನಿಲ್ದಾಣ ಬಂತು. ಸುತ್ತ ಊರಿನ ಸುಳಿವೇ ಇಲ್ಲ. ಇಷ್ಟು ಹೆಸರಾಂತ ಊರಿಗೆ ಇಷ್ಟು ಬಡಪಾಯಿ ಸ್ಟೇಷನ್ ಇರಲಾರದು, ಮುಂದೆ ದೊಡ್ಡದು ಬರುತ್ತದೆ ಎಂದು ನಾನು ಆರಾಮವಾಗಿ ಕುಳಿತೆ. ಆ ಮುದುಕರು ಎದ್ದವರೇ ಮಾತಿಲ್ಲದೆ ನನ್ನ ಪೆಟ್ಟಿಗೆ ಎಳೆದುಕೊಂಡು ಬಾಗಿಲ ಕಡೆ ನಡೆದರು. ನನ್ನ ಪೆಟ್ಟಿಗೆ! ನಾನು "ಹಲೋ, ಹಲೋ" ಎಂದು ಕೂಗುತ್ತ ಹಿಂದೆ ಓಡಿದೆ. ಅವರು ಪೆಟ್ಟಿಗೆಯನ್ನು ಪ್ಲಾಟ್‌ಫಾರ್ಮಿನಲ್ಲಿಟ್ಟು, ನನ್ನನ್ನು ಕೈಹಿಡಿದು ಇಳಿಸಿ, ತಾವು ಮತ್ತೆ ಹತ್ತಿ ಕೈಬೀಸಿದರು. ಮಂಗಳೂರಿನಲ್ಲಿ ಜಂಕ್ಷನ್ ಊರ ಹೊರಗಿರುವ ಹಾಗೆ, ದೂರದ ರೈಲು ಇಲ್ಲಿಯೂ ಊರ ಹೊರಗೇ ನಿಲ್ಲುತ್ತದಂತೆ. ಕಳ್ಳನೆಂದುಕೊಂಡು ನಾನು ಕೂಗಿದ್ದು ಅವರಿಗೆ ಅರ್ಥವಾಗಿರಲಾರದು ಎಂದು ಸಮಾಧಾನ ಮಾಡಿಕೊಂಡೆ.

ಪ್ಲಾಟ್‌ಫಾರ್ಮಿನ ಆ ತುದಿಯಿಂದ ಅಫ್ರಾ ಬರುತ್ತಿದ್ದಳು. ಹೆಗಲಿಂದ ಕಾಲಿನವರೆಗೆ ಕಪ್ಪು ಬಟ್ಟೆ. ನನಗೆ ಕಣ್ಣು ತುಂಬಿತು. ದೋಹಾದಲ್ಲಿದ್ದಾಗ ಅಬಾಯ ಹಾಕು ಎಂದರೆ ಮುಖ ಸಿಂಡರಿಸುತ್ತಿದ್ದ ಹುಡುಗಿ ಪರದೇಶಕ್ಕೆ ಬಂದು ತಾನಾಗಿ ಹಾಕಿದ್ದಾಳಲ್ಲ! ಹತ್ತಿರ ಬಂದಾಗ ನೋಡಿದರೆ ಅದು ಅಬಾಯವೇ ಅಲ್ಲ. ತೋಳಿಲ್ಲದ, ಹೆಗಲ ಮೇಲಿಂದ ಇಳಿಬಿಟ್ಟ ದಪ್ಪ ಬಟ್ಟೆ. ಅವಳ ಹಿಂದೆ ಅದೇ ಉಡುಪಿನ ಗಂಡು ಹುಡುಗರು ಇಬ್ಬರು ನಗುತ್ತ ಹೋದರು.

"ಇದು ಕಾಪಾ, ಉಮ್ಮ. ಇಲ್ಲಿ ಸ್ಟೂಡೆಂಟ್ಸ್ ಎಲ್ಲ ಹಾಕ್ತಾರೆ. ಸಂಡೇ ಮೆರವಣಿಗೆ ಉಂಟು, ಹಾಗೆ ಈ ವೀಕ್ ಎಲ್ಲ ಇದೇ."

ನಮ್ಮ ಮನೆಮಾತು ಬ್ಯಾರಿ, ಅಮ್ಮನಿಗೆ ಉಮ್ಮ ಎನ್ನುತ್ತೇವೆ. ಅವಳದು ಅರ್ಧ ಇಂಗ್ಲಿಷ್ ಬೆರೆತ ಬ್ಯಾರಿ. ಅದನ್ನೆಲ್ಲ ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಅವಳು ಪೆಟ್ಟಿಗೆ ಎತ್ತಲು ಬಗ್ಗಿದಾಗ ಕಾಪಾದ ಕೆಳಗಿನ ಅಂಚು ಕಂಡಿತು. ಹರಿದು ಚಿಂದಿ. ಮಣ್ಣು ಹಿಡಿದಿದೆ, ಒಣಗಿದ ಎಂಥದೋ ಕಲೆ.

"ಇದೆಂಥ ಅವಸ್ಥೆ ಅಫ್ರಾ?"

"ಅದು ಹಾಗೇ ಇರುದು ಉಮ್ಮ. ಕೂತು ಹೇಳ್ತೇನೆ, ದೊಡ್ಡ ಕಥೆ. ಯಲ್ಲಾ, ನಡಿ, ಬಸ್ ಬಂತು."

ಬಸ್ಸಿನಲ್ಲಿ ಅವಳು ಇವರ ಹಲ್ಲಿನ ವಿಷಯ ಕೇಳಿದಳು, ನಾನು ಅವಳ ಊಟದ ವಿಷಯ ಕೇಳಿದೆ. ಕಾಪಾದ ಕಥೆ ಅಲ್ಲಿಗೆ ಮರೆತುಹೋಯಿತು. ಅವಳಿಗೆ ಮರೆತದ್ದು, ನನಗಲ್ಲ.

ಬೆಟ್ಟದ ಮೇಲಿನ ಮನೆ

ದೋಹಾದಲ್ಲಿ ಹತ್ತುವುದು ಎಂದರೆ ಲಿಫ್ಟಿನ ಗುಂಡಿ ಒತ್ತುವುದು. ಕೊಯಿಂಬ್ರಾ ಇಡೀ ಊರೇ ಒಂದು ಬೆಟ್ಟಕ್ಕೆ ಅಂಟಿಕೊಂಡಿದೆ. ಕೆಳಗೆ ಮೊಂಡೇಗೊ ಹೊಳೆ, ಮೇಲೆ ವಿಶ್ವವಿದ್ಯಾಲಯದ ಗೋಪುರ, ನಡುವೆ ಕಲ್ಲಿನ ಮೆಟ್ಟಿಲು. ಒಂದು ಮೆಟ್ಟಿಲ ದಾರಿಯ ಹೆಸರಿನ ಅರ್ಥವೇ ಬೆನ್ನು ಮುರಿ ಎಂದಂತೆ. ಹೆಸರಿಟ್ಟವರು ಸತ್ಯವಂತರು. ಗೋಪುರದ ಗಂಟೆಗೆ ವಿದ್ಯಾರ್ಥಿಗಳು ಮೇಕೆ ಎಂದು ಹೆಸರಿಟ್ಟಿದ್ದಾರೆ. ಹಿಂದಿನ ಕಾಲದಲ್ಲಿ ಬೆಳಿಗ್ಗೆ ಅದು ಕೂಗಿದರೆ ಹಾಸಿಗೆ ಬಿಟ್ಟು ಪಾಠಕ್ಕೆ ಓಡಬೇಕಿತ್ತು, ಆ ಸಿಟ್ಟಿಗೆ.

ಅಫ್ರಾ ಇರುವುದು ಹುಡುಗಿಯರು ಸೇರಿ ನಡೆಸುವ ಒಂದು ಹಳೆಯ ಮನೆಯಲ್ಲಿ. ವಾರ್ಡನ್ ಇಲ್ಲ, ಯಜಮಾನಿ ಇಲ್ಲ. ಸರದಿ ಪ್ರಕಾರ ಅಡುಗೆ, ಎಲ್ಲರೂ ಒಂದೇ ಉದ್ದ ಮೇಜಿನಲ್ಲಿ ಊಟ. ಏನೇ ತೀರ್ಮಾನವಾದರೂ ಮೇಜಿನ ಸುತ್ತ ಇದ್ದವರೆಲ್ಲ ಕೈ ಎತ್ತಬೇಕು. ಒಬ್ಬಳು ಎತ್ತದಿದ್ದರೂ ಆ ಮಾತು ಬಿತ್ತು. ನಾನು ಅಲ್ಲಿ ನಾಲ್ಕು ರಾತ್ರಿ ಇರಬಹುದೇ ಎಂಬುದಕ್ಕೂ ಕೈ ಎತ್ತಿಸಿದ್ದರಂತೆ.

"ಯಾರಾದ್ರೂ ಎತ್ತದಿದ್ರೆ? ನಾನು ರಸ್ತೆಯಲ್ಲಿ ಮಲಗ್ಬೇಕಿತ್ತಾ?"

"ಎತ್ತಿದ್ರಲ್ಲ ಉಮ್ಮ! ಮತಿಲ್ದೆ ಮಾತ್ರ ಸ್ವಲ್ಪ ಲೇಟ್ ಮಾಡಿದ್ಳು. ಅವಳು ಎಲ್ಲದಕ್ಕೂ ಹಾಗೇ."

ಮತಿಲ್ದೆ ಆ ಮನೆಯ ಹಿರಿಯ ಹುಡುಗಿ, ದಪ್ಪ ಕನ್ನಡಕ, ಕಾನೂನು ಓದುತ್ತಾಳೆ, ನಗು ಕಡಿಮೆ. ಇನೇಸ್ ಎಂಬವಳು ಅದಕ್ಕೆ ಸರಿಯಾಗಿ ತದ್ವಿರುದ್ಧ, ಬಂದವಳೇ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಲೂರ್ದೆಸ್ ಎಂಬ ಮೊಜಾಂಬಿಕ್‌ನ ಹುಡುಗಿ ಅಫ್ರಾಳ ಕೋಣೆಯಲ್ಲೇ ಇದ್ದವಳು. ತಂದೆಗೆ ಹುಷಾರಿಲ್ಲವೆಂದು ಓದು ಅರ್ಧಕ್ಕೆ ಬಿಟ್ಟು ಊರಿಗೆ ಹೋಗಿದ್ದಾಳೆ. ಅವಳ ಮಂಚದಲ್ಲೇ ನನಗೆ ಹಾಸಿದ್ದರು. ಗೋಡೆಯಲ್ಲಿ ಅವಳ ಮತ್ತು ಅಫ್ರಾಳ ಫೋಟೋ. ಅಫ್ರಾ ಅದನ್ನು ನನಗೆ ತೋರಿಸುವಾಗ ದನಿ ಸಣ್ಣದಾಯಿತು.

ಅಡುಗೆಮನೆಗೆ ಕಾಲಿಟ್ಟೆ, ನಿಂತುಬಿಟ್ಟೆ. ಒಣಮೀನಿನ ವಾಸನೆ! ಬಾಗಿಲ ಮೂಲೆಯಲ್ಲಿ ಒಂದು ಬಕೆಟ್ ತುಂಬ ನೀರು, ಅದರಲ್ಲಿ ಹಲಗೆಯಂಥ ಉಪ್ಪುಮೀನು ನೆನೆಯುತ್ತಿದೆ. ಉಪ್ಪು ಬಿಡಲು ದಿನವಿಡೀ ನೀರು ಬದಲಿಸುತ್ತ ನೆನೆಸುತ್ತಾರಂತೆ. ಯುರೋಪೆಂದರೆ ಬೆಣ್ಣೆ ಬ್ರೆಡ್ಡು ಅಂದುಕೊಂಡಿದ್ದವಳಿಗೆ ಬಂದರಿನ ಒಣಮೀನಿನ ಸಂತೆಗೆ ಬಂದ ಹಾಗಾಯಿತು. ಬಟಾಟೆಗೆ ಅವರೂ ಬಟಾಟ ಎನ್ನುತ್ತಾರೆ, ಮೇಜಿಗೆ ಮೇಜಾ, ಕಿಟಕಿಗೆ ನಾವು ಹೇಳುವ ಜನೇಲಿಗೆ ಜನೇಲಾ, ಚಾವಿಗೆ ಷಾವ್. ನಮ್ಮ ಕರಾವಳಿಗೆ ಇವರ ಹಡಗು ಬಂದು ಹೋದ ಮೇಲೆ ನಮ್ಮಲ್ಲೇ ಉಳಿದ ಮಾತುಗಳು. ಆ ರಾತ್ರಿಯ ಊಟಕ್ಕೆ ಮೀನು, ಬಟಾಟೆ, ಆಲಿವ್ ಎಣ್ಣೆ. ಖಾರ ಒಂದಿದ್ದರೆ ಸ್ವರ್ಗ. ಪೆಟ್ಟಿಗೆಯಿಂದ ಮಸಾಲೆ ಪುಡಿ ತೆಗೆದು ಅದಕ್ಕೂ ಒಂದು ಗತಿ ಕಾಣಿಸಿದೆ. ಇನೇಸ್ ಕಣ್ಣೀರು ಸುರಿಸುತ್ತ ಎರಡನೆಯ ಸಲ ಹಾಕಿಸಿಕೊಂಡಳು.

ಎದುರುಮನೆಯ ಬಾಲ್ದಿ

ಮರುದಿನ ಬೆಳಿಗ್ಗೆ ಅಫ್ರಾ ನನ್ನನ್ನು ವಿಶ್ವವಿದ್ಯಾಲಯದ ಹಳೆಯ ಗ್ರಂಥಾಲಯಕ್ಕೆ ಕರೆದೊಯ್ದಳು. ಚಿನ್ನದ ಬಣ್ಣದ ಕಪಾಟುಗಳು, ಮಾಡಿನವರೆಗೆ ಪುಸ್ತಕ. ಅಲ್ಲಿ ಬಾವಲಿಗಳಿವೆಯಂತೆ. ಪುಸ್ತಕ ತಿನ್ನುವ ಹುಳಗಳನ್ನು ಅವು ತಿನ್ನುವುದರಿಂದ ಯಾರೂ ಓಡಿಸುವುದಿಲ್ಲ. ಸಂಜೆ ಮೇಜುಗಳಿಗೆ ಚರ್ಮ ಹೊದಿಸಿ ಹೋಗಿ, ಬೆಳಿಗ್ಗೆ ಬಂದು ಹಿಕ್ಕೆ ಒರೆಸುತ್ತಾರೆ.

"ನೋಡಿದ್ಯಾ ಉಮ್ಮ, ಹಳೇದನ್ನು ಹೊಸದು ಮಾಡಬಾರ್ದು. ಹೇಗಿದೆಯೋ ಹಾಗೇ ನೋಡ್ಕೊಳ್ಬೇಕು. ನಮ್ಮ ಮೇಡಂ ಫಸ್ಟ್ ಡೇ ಹೇಳಿದ್ದೇ ಇದು."

ನಾನು ಹೂಂ ಎಂದೆ. ಮನಸ್ಸಿನಲ್ಲಿದ್ದದ್ದು ಬೇರೆ. ಬಾವಲಿಯ ಹಿಕ್ಕೆ ಒರೆಸಲಿಕ್ಕೂ ಜನ ಇರುವ ಈ ಊರಿನಲ್ಲಿ ನನ್ನ ಮಗಳು ಹರಿದ ಬಟ್ಟೆಯಲ್ಲಿ ತಿರುಗುತ್ತಿದ್ದಾಳೆ. ಅಪ್ಪನಿಗೆ ಭಾರವಾಗಬಾರದೆಂದು ಹೊಸದು ಕೊಳ್ಳದೆ ಮುಚ್ಚಿಟ್ಟಿದ್ದಾಳೆ. ಇನ್ನೆರಡು ವರ್ಷ ಇಲ್ಲೇ ಬಿಟ್ಟರೆ ಇನ್ನೆಂಥ ಸ್ಥಿತಿಯೋ! ಭಾನುವಾರ ಮೆರವಣಿಗೆಯಲ್ಲಿ ಊರೆಲ್ಲ ಅವಳನ್ನು ನೋಡುತ್ತದೆ.

ಸೆಖೆಯೆಂದು ಕಾಪಾವನ್ನು ಮೊಳೆಗೆ ಸಿಕ್ಕಿಸಿ ಅವಳು ಮಧ್ಯಾಹ್ನದ ಪಾಠಕ್ಕೆ ಹೋದ ಕೂಡಲೆ ನಾನು ಸೆರಗು ಬಿಗಿದೆ. ಕಾಪಾ ಮೊಳೆಯಿಂದ ಇಳಿಸಿದೆ. ಒಗೆಯಲು ಪಾತ್ರೆ ಬೇಕಲ್ಲ, ಮನೆಯ ಒಂದೇ ಬಕೆಟ್ಟಿನಲ್ಲಿ ಇನ್ನೊಂದು ಮೀನು ನೆನೆಯುತ್ತಿತ್ತು. ಎದುರುಮನೆಯ ಬಾಗಿಲಲ್ಲಿ ಕಪ್ಪು ಸ್ಕರ್ಟಿನ ಒಬ್ಬ ಅಜ್ಜಿ ಹೂಕುಂಡಕ್ಕೆ ನೀರು ಹಾಕುತ್ತಿದ್ದರು. ಧೈರ್ಯ ಮಾಡಿ, "ಬಾಲ್ದಿ?" ಎಂದೆ. ಅಜ್ಜಿಯ ಮುಖ ಅರಳಿತು. "ಬಾಲ್ದ್!" ಎಂದು ಒಳಗೆ ಹೋಗಿ ಹಳದಿ ಬಾಲ್ದಿ ತಂದರು. ಹುಮ್ಮಸ್ಸು ಬಂದು "ಸಾಬೂನು" ಎಂದೂ ಹೇಳಿ ನೋಡಿದೆ. ಅವರು ಸಾಬೂನಿನ ತುಂಡನ್ನೂ ತಂದರು. ನನ್ನ ಬಳಿ ಶಾಂಪೂ ಇತ್ತು, ಆದರೂ ಮಾತು ಅರ್ಥವಾದ ಖುಷಿಗೆ ತೆಗೆದುಕೊಂಡೆ. ಪರದೇಶದಲ್ಲಿ ಯಾರ ಸಹಾಯವೂ ಇಲ್ಲದೆ ನಾನು ನಡೆಸಿದ ಮೊದಲ ವ್ಯವಹಾರ ಅದು.

ತಣ್ಣೀರಿನಲ್ಲಿ, ಉಜ್ಜದೆ, ಮೆಲ್ಲನೆ ಹಿಂಡಿ ಒಗೆದೆ. ಬಂದ ನೀರು ನೋಡಬೇಕಿತ್ತು, ಗದ್ದೆಯ ನೀರು. ಜನೇಲಿನ ಹೊರಗಿನ ಹಗ್ಗಕ್ಕೆ ಹರವಿದಾಗ ಇಡೀ ಓಣಿಗೆ ಊದ್ ಪರಿಮಳ ಹರಡಿತು. ಎದುರುಮನೆಯ ಅಜ್ಜಿ ತಲೆ ಎತ್ತಿ ನೋಡಿದರು. ಕಾಪಾ ನೋಡಿದರು, ನನ್ನನ್ನು ನೋಡಿದರು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಒಳ್ಳೆಯದನ್ನು ಕಂಡರೆ ಕಣ್ಣು ಬೀಳದಿರಲಿ ಎಂದು ನಾವು ಮಾಷಾ ಅಲ್ಲಾ ಎನ್ನುತ್ತೇವಲ್ಲ, ಅವರ ಪದ್ಧತಿಯಲ್ಲಿ ಅದು ಹೀಗಿರಬೇಕು ಎಂದುಕೊಂಡು ನಾನೂ ಎದೆಗೆ ಕೈಯಿಟ್ಟು ವಂದಿಸಿದೆ.

ಬೆಟ್ಟದ ಗಾಳಿಗೆ ಕಾಪಾ ಬೇಗನೆ ಒಣಗಿತು. ಡಬ್ಬಿ ತೆಗೆದು ಜನೇಲಿನ ಬಳಿ ಕುಳಿತೆ. ಹರಿದದ್ದೆಲ್ಲ ಬಲಬದಿಯ ಅಂಚಿನಲ್ಲೇ. ಒಂದು ಸಣ್ಣದು, ಒಂದು ನೇರ, ಒಂದು ಸೊಟ್ಟಂಬಟ್ಟ ಉದ್ದಕ್ಕೆ ಸೀಳಿಕೊಂಡು ಹೋದದ್ದು. ಎಡಬದಿಯ ಅಂಚಿಗೆ ಮಾತ್ರ ಏನೂ ಆಗಿರಲಿಲ್ಲ, ಅಷ್ಟು ಕೆಲಸ ಉಳಿಯಿತು ಎಂದುಕೊಂಡೆ. ಕಪ್ಪು ನೂಲಿನಲ್ಲಿ ಒಂದೊಂದೇ ಎಳೆ ಹಿಡಿದು ರಫೂ ಹಾಕಿದೆ. ಮುಗಿದ ಮೇಲೆ ನನಗೇ ಜಾಗ ಸಿಗಲಿಲ್ಲ. ಅಷ್ಟು ಚೆನ್ನಾಗಿ ಬಂದಿತ್ತು.

ಉದ್ದ ಮೇಜು

ಸಂಜೆ ಹುಡುಗಿಯರೆಲ್ಲ ಒಟ್ಟಿಗೆ ಬಂದರು. ನಾನು ಮಡಚಿ ಇಸ್ತ್ರಿ ಮಾಡಿಟ್ಟ ಕಾಪಾವನ್ನು ಎರಡೂ ಕೈಯಲ್ಲಿ ಹಿಡಿದು, ಮದುವೆಯ ಸೀರೆ ಕೊಡುವ ಹಾಗೆ ಅಫ್ರಾಳ ಮುಂದೆ ಚಾಚಿದೆ.

ಅವಳು ಅದನ್ನು ಮೂಗಿಗೆ ಹಿಡಿದಳು. ಬಿಡಿಸಿದಳು. ಅಂಚಿನುದ್ದಕ್ಕೂ ಬೆರಳು ಓಡಿಸಿದಳು, ಒಂದು ಕಡೆಯಿಂದ ಇನ್ನೊಂದು ಕಡೆಗೆ, ಮತ್ತೆ ಈ ಕಡೆಗೆ. ಇನೇಸ್ ಬಾಯಿಗೆ ಕೈ ಒತ್ತಿಕೊಂಡಳು. ಅಫ್ರಾ ಕೂಗಾಡಿದ್ದರೆ ನನಗೆ ಸುಲಭವಿತ್ತು. ಅವಳು ಕುರ್ಚಿಯಲ್ಲಿ ಕುಳಿತು ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು ಸುಮ್ಮನೆ ಅತ್ತಳು.

"ಎಂತಾಯ್ತು ಹೇಳು ಮಗಳೇ. ಬಣ್ಣ ಹೋಯ್ತಾ?"

"ಇದನ್ನು ತೊಳಿಲಿಕ್ಕೆ ಇಲ್ಲ ಉಮ್ಮ. ಯಾರೂ ತೊಳಿಯುದಿಲ್ಲ. ಇಷ್ಟು ವರ್ಷದ ಮಳೆ, ಮಣ್ಣು, ಎಲ್ಲ ಇದರಲ್ಲೇ ಇರ್ಬೇಕು."

"ಸರಿ, ತೊಳೆದದ್ದು ತಪ್ಪಾಯ್ತು. ಹೊಲಿದದ್ದಾದ್ರೂ ಒಳ್ಳೆದಾಯ್ತಲ್ಲ?"

ಆಗ ಅವಳು ಆ ದೊಡ್ಡ ಕಥೆ ಹೇಳಿದಳು. ಹರಿದದ್ದು ಬಡತನದಿಂದಲ್ಲ. ಹತ್ತಿರದವರು ಬೇಕೆಂದೇ ಹರಿಯುವುದು. ಕತ್ತರಿ ಮುಟ್ಟುವ ಹಾಗಿಲ್ಲ, ಹಲ್ಲಿನಲ್ಲಿ ಕಚ್ಚಿ ಶುರು ಮಾಡಿ ಕೈಯಲ್ಲಿ ಸೀಳಬೇಕು. ನಿನ್ನ ಜೊತೆ ನಾನಿದ್ದೇನೆ ಎಂಬುದಕ್ಕೆ ಅದು ಗುರುತು. ಬಲಬದಿ ಗೆಳತಿಯರದ್ದು. ಸಣ್ಣದು ಇನೇಸಳದ್ದು, ನೇರವಾದದ್ದು ಮತಿಲ್ದೆಯದ್ದು. ಸೊಟ್ಟ ಉದ್ದದ್ದು ಲೂರ್ದೆಸಳದ್ದು, ಊರಿಗೆ ಹೊರಡುವ ದಿನ ಅಳುತ್ತ ನಗುತ್ತ ಹರಿದುಕೊಟ್ಟು ಹೋದದ್ದು. ಯಾರಾದರೂ ಗೆಳೆತನ ಮುರಿದರೆ ಮಾತ್ರ ಆ ಹರಕನ್ನು ಕಪ್ಪು ನೂಲಿನಲ್ಲಿ ಹೊಲಿದು ಮುಚ್ಚುವುದು ಆ ಮನೆಯ ಪದ್ಧತಿ.

ನಾನು ಒಂದೇ ಮಧ್ಯಾಹ್ನದಲ್ಲಿ ಮಗಳ ಎಲ್ಲ ಗೆಳೆತನವನ್ನೂ ಮುಗಿಸಿಬಿಟ್ಟಿದ್ದೆ. ಅದೂ ಗುರುತು ಸಿಗದ ಹಾಗೆ.

"ನಾನು ಬಿಚ್ಚಿ ಕೊಡ್ತೇನೆ" ಎಂದೆ.

ಮತಿಲ್ದೆ ಕನ್ನಡಕ ತೆಗೆದು ಒರೆಸುತ್ತ ಏನೋ ಹೇಳಿದಳು. ಅಫ್ರಾ ಅದನ್ನು ಬ್ಯಾರಿಗೆ ತಿರುಗಿಸಿ ಹೇಳಿದಳು: "ಹೊಲಿದದ್ದನ್ನು ಬಿಚ್ಚಿದ್ರೆ ಅದು ಮೊದಲಿನ ಹಾಗೆ ಲೆಕ್ಕವಾ ಅಲ್ವಾ ಅಂತ ಎಲ್ರೂ ಕೂತು ಹೇಳ್ಬೇಕಂತೆ. ನಾಳೆ ಬೆಳಿಗ್ಗೆ. ಲೂರ್ದೆಸಳನ್ನೂ ಫೋನಿನಲ್ಲಿ ಕೇಳ್ಬೇಕಂತೆ."

ಲೂರ್ದೆಸಳ ಮಂಚದಲ್ಲಿ ಮಲಗಿ ಅವಳ ಫೋಟೋ ನೋಡುವುದು ನನ್ನಿಂದಾಗಲಿಲ್ಲ, ಗೋಡೆಗೆ ಬೆನ್ನು ಹಾಕಿ ಮಲಗಿದೆ. ನಾನು ಬಂದದ್ದು ಮಗಳ ಜೊತೆ ಎಂಥವರಿದ್ದಾರೆ ಎಂದು ನೋಡಲಿಕ್ಕೆ. ಅದರ ಉತ್ತರ ಆ ಬಟ್ಟೆಯ ಅಂಚಿನಲ್ಲೇ ಇತ್ತು. ನಾನದನ್ನು ರಫೂ ಹಾಕಿ ಮುಚ್ಚಿದ್ದೆ.

ಜನೇಲಿನ ಬೆಳಕು

ಬೆಳಿಗ್ಗೆ ಎದ್ದವಳೇ ಜನೇಲಿನ ಬಳಿ ಕುಳಿತೆ. ಕಪ್ಪು ಬಟ್ಟೆ, ಕಪ್ಪು ನೂಲು, ನನ್ನದೇ ಕೈಚಳಕ. ನನ್ನ ಹೊಲಿಗೆ ನನಗೇ ಸಿಗುತ್ತಿಲ್ಲ! ಜೀವಮಾನದಲ್ಲಿ ಮೊದಲ ಸಲ ನನ್ನ ಕೈಗೆ ಶಾಪ ಹಾಕಿದೆ. ಬಟ್ಟೆಯನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ತಡವಿ, ಸೂಜಿಯ ತುದಿಯಲ್ಲಿ ಒಂದೊಂದೇ ಎಳೆ ಎತ್ತಿದೆ. ಇನೇಸ್ ಕಾಫಿ ತಂದಿಟ್ಟು ಪಕ್ಕದಲ್ಲೇ ಕುಳಿತಳು. ತನ್ನ ಹರಕು ಬಿಚ್ಚಿಕೊಂಡಾಗ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ಲೂರ್ದೆಸಳದ್ದಕ್ಕೆ ಬಹಳ ಹೊತ್ತು ಬೇಕಾಯಿತು. ಅವಳ ಅಂಕುಡೊಂಕನ್ನೆಲ್ಲ ನಾನು ಜಾಣತನದಿಂದ ನೇರ ಮಾಡಿದ್ದೆನಲ್ಲ. ಕೊನೆಯ ಎಳೆ ಬಂದಾಗ ಅದು ತಾನಾಗಿ ಬಾಯಿ ತೆರೆದ ಹಾಗೆ ತೆರೆದುಕೊಂಡಿತು. ಅಫ್ರಾ ಬಗ್ಗಿ ನೋಡಿ, "ಹಾಂ, ಅದೇ" ಎಂದಳು.

ಎಲ್ಲರೂ ಉದ್ದ ಮೇಜಿನ ಸುತ್ತ ಕುಳಿತರು. ಲೂರ್ದೆಸಳ ಮುಖ ಫೋನಿನಲ್ಲಿ, ಫೋನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟದ್ದು. ಅವಳು ಕಥೆ ಕೇಳಿ ಎಷ್ಟು ನಕ್ಕಳೆಂದರೆ ಫೋನು ಎರಡು ಸಲ ಬಿತ್ತು. ಕೈ ಎತ್ತಿದಳು. ಇನೇಸ್ ಎತ್ತಿದಳು, ಉಳಿದವರೂ ಎತ್ತಿದರು. ಮತಿಲ್ದೆ ಎತ್ತಲಿಲ್ಲ.

ನಾನು ಅಫ್ರಾಳ ಮುಖ ನೋಡಿದೆ. ಅವಳು ಮೇಜು ನೋಡುತ್ತಿದ್ದಳು.

ಮತಿಲ್ದೆ ನನ್ನನ್ನೇ ನೋಡುತ್ತ ನಿಧಾನವಾಗಿ ಮಾತಾಡಿದಳು. ಅಫ್ರಾ ತಿರುಗಿಸಿ ಹೇಳದೆ ಅವಳಿಗೇ ಏನೋ ಎದುರಾಡಿದಳು. ನಾನು ಕೇಳಿದೆ, "ಅವಳು ಎಂತ ಹೇಳಿದ್ದು?"

"ಬಿಡು ಉಮ್ಮ."

"ಹೇಳು."

"ನೂಲು ಬಿಚ್ಚಬಹುದು, ತೊಳೆದದ್ದನ್ನು ಬಿಚ್ಚಲಿಕ್ಕಾಗುದಿಲ್ಲ ಅಂತೆ. ತೊಳೆದು ತೆಗೆದವರು ಬದಲಿಗೆ ಏನಾದ್ರೂ ಕೊಡ್ಬೇಕಂತೆ." ಅವಳು ಕಾಪಾದ ಎಡಬದಿಯನ್ನು ಮೇಜಿನ ಮೇಲೆ ಹರಡಿದಳು. "ಎಡಬದಿ ಮನೆಯವರದ್ದು. ಇವರದ್ದೆಲ್ಲ ನೋಡು, ಅಮ್ಮ, ಅಪ್ಪ, ತಮ್ಮ ಎಲ್ಲ ಬಂದು ಹರಿದು ಹೋಗಿದ್ದಾರೆ. ನನ್ನದು ಖಾಲಿ. ಇಷ್ಟು ವರ್ಷದಿಂದ ಈ ಮನೆಯಲ್ಲಿ ಎಲ್ರೂ ನೋಡ್ತಾ ಇದ್ದಾರೆ ಅಂತೆ, ಯಾರು ಬರ್ತಾರೆ ಅಂತ."

ನಾನು ಅಷ್ಟು ಕೆಲಸ ಉಳಿಯಿತು ಎಂದು ಖುಷಿಪಟ್ಟ ಅಂಚು ಅದು. ಹೊಸದರ ಹಾಗಿತ್ತು. ಉಳಿದ ಹುಡುಗಿಯರ ಕಾಪಾಗಳು ಗೋಡೆಯ ಮೊಳೆಗಳಲ್ಲಿ ನೇತಾಡುತ್ತಿದ್ದವು, ಎರಡೂ ಬದಿ ಹರಿದು. ನಾವು ಎಂಥದ್ದು ಕಳಿಸಿರಲಿಲ್ಲ ಅವಳಿಗೆ? ಜಾಕೆಟ್ಟು, ಪ್ರೆಷರ್ ಕುಕ್ಕರು, ಉಪ್ಪಿನಕಾಯಿ, ಪ್ರತಿ ಶುಕ್ರವಾರ ಫೋನು. ಬಂದಿರಲಿಲ್ಲ, ಅಷ್ಟೇ. ಅಂಗಡಿ ಯಾರು ನೋಡುವುದು ಎಂಬ ಮಾತು ನನ್ನ ಬಾಯಲ್ಲೂ ಇತ್ತಲ್ಲ.

"ಉಮ್ಮ ಹೊಲಿಯುವವಳು, ಹರಿಯುವವಳಲ್ಲ ಅಂತ ನಾನು ಹೇಳಿದೆ" ಎಂದಳು ಅಫ್ರಾ. "ಮತ್ತೆ ನೀನು ಬಂದದ್ದು ಯಾಕೆ ಅಂತ ನನಗೆ ಗೊತ್ತುಂಟು. ನನ್ನನ್ನು ಕರ್ಕೊಂಡು ಹೋಗ್ಲಿಕ್ಕೆ. ಸುಮ್ನೆ ಅವರಿಗೋಸ್ಕರ ಹರಿಯುದು ಬೇಡ."

"ಹರಿದ್ರೆ ಇಲ್ಲೇ ಇರು ಅಂತ ಅರ್ಥವಾ?"

"ಅಲ್ಲ. ಎಲ್ಲಿದ್ರೂ ನಮ್ಮವಳು ಅಂತ ಅರ್ಥ."

ಬಟ್ಟೆ ಹರಿಯುವ ಶಬ್ದ ಕೇಳಿದರೆ ಪಕ್ಕದ ಕೋಣೆಯಿಂದ ಎದ್ದು ಬರುವವಳು ನಾನು. ಒಳ್ಳೆಯ ಗಟ್ಟಿ ಬಟ್ಟೆ, ಸ್ವಂತ ಕೈಯಲ್ಲಿ ಒಗೆದು ಇಸ್ತ್ರಿ ಮಾಡಿದ್ದು. ಎಡಬದಿಯ ಅಂಚನ್ನು ಬಾಯಿಗೆ ತಂದೆ. ಊದ್ ಪರಿಮಳ ಬಡಿಯಿತು. ಬಿಸ್ಮಿಲ್ಲಾ ಎಂದು ಕಚ್ಚಿದೆ. ಮೊದಲ ಸಲ ಬರಲಿಲ್ಲ, ಹಲ್ಲು ಜುಮ್ ಎಂದಿತು. ಇನ್ನೊಮ್ಮೆ ಕಚ್ಚಿ ಎಳೆದೆ. ಅಂಚು ಬಿಟ್ಟುಕೊಂಡಿತು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಸೀಳಿದೆ. ಆ ಶಬ್ದಕ್ಕೆ ನಾನೇ ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮತಿಲ್ದೆಯ ಕೈ ಮೇಲಿತ್ತು. ನಗುವುದಕ್ಕೂ ಬರುತ್ತದೆ ಆ ಹುಡುಗಿಗೆ.

ಅಫ್ರಾ ಎದ್ದು ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ನಾನು ಅವಳ ಕಿವಿಯಲ್ಲಿ, "ಎರಡು ವರ್ಷ. ಅದಕ್ಕಿಂತ ಒಂದು ದಿನ ಹೆಚ್ಚು ಕೇಳಿದ್ರೆ ಬಂದು ಇದನ್ನು ಮತ್ತೆ ತೊಳೀತೇನೆ" ಎಂದೆ.

ಹೊಳೆಯ ದಂಡೆ

ಭಾನುವಾರ ಮಧ್ಯಾಹ್ನ ಮೆರವಣಿಗೆ ಬೆಟ್ಟದಿಂದ ಹೊಳೆಯ ಕಡೆಗೆ ಇಳಿಯಿತು. ಕಾಗದದ ಹೂ ಅಂಟಿಸಿದ ಗಾಡಿಗಳು, ಹಾಡು, ಬಣ್ಣಬಣ್ಣದ ರಿಬ್ಬನ್ನು, ಎಲ್ಲಿ ನೋಡಿದರೂ ಕಪ್ಪು ಕಾಪಾ. ದೋಹಾದಲ್ಲಿ ಕಪ್ಪು ಬಟ್ಟೆಯ ಗುಂಪು ನೋಡಿದರೆ ನನ್ನ ಕಣ್ಣು ಬಟ್ಟೆಯ ಗುಣ, ಹೊಲಿಗೆಯ ಸಾಲು ನೋಡುತ್ತದೆ. ಅಂದು ನೋಡಿದ್ದು ಅಂಚುಗಳನ್ನು ಮಾತ್ರ. ಇವನಿಗೆ ಎಡಬದಿಯಲ್ಲಿ ಎಷ್ಟು ಜನ, ಇವಳಿಗೆ ಬಲಬದಿಯಲ್ಲಿ ಎಷ್ಟು ಜನ. ಒಬ್ಬ ಹುಡುಗನದ್ದು ಸುತ್ತಲೂ ಜಾಲರಿಯ ಹಾಗಾಗಿತ್ತು, ಅವನಿಗೆ ಊರೆಲ್ಲ ನೆಂಟರೇ ಇರಬೇಕು.

ಬಾಲ್ದಿಯ ಅಜ್ಜಿ ನನ್ನ ಪಕ್ಕದಲ್ಲೇ ಬಂದು ನಿಂತಿದ್ದರು. ಅಫ್ರಾ ನಮ್ಮೆದುರು ಹಾದುಹೋಗುವಾಗ ಎಡಬದಿಯ ಅಂಚನ್ನು ಎತ್ತಿ ಹಿಡಿದು ತೋರಿಸಿದಳು. ಅಜ್ಜಿ ನೋಡಿದರು. ನಾನು ನನ್ನ ಹಲ್ಲು ತೋರಿಸಿದೆ. ಅವರು ನನ್ನ ತೋಳಿಗೆ ಎರಡು ಏಟು ಕೊಟ್ಟು ನಕ್ಕರು. ಮೋಡ ಕವಿದಿತ್ತು. ಹನಿ ಬಿದ್ದಾಗ ಛತ್ರಿ ಬಿಚ್ಚಲು ಹೋದವಳು ಬಿಟ್ಟೆ. ಆ ಕಾಪಾಕ್ಕೆ ಒಂದಿಷ್ಟು ಮಳೆ ಬೇಕಿತ್ತು.

ಮತ್ತೆ ಐನ್ ಖಾಲಿದ್

ವಿಮಾನ ನಿಲ್ದಾಣದಿಂದ ಮನೆಯವರೆಗೆ ಇವರು ಅಂಗಡಿಯ ಸುದ್ದಿ, ಬಿಸಿಲಿನ ಸುದ್ದಿ ಹೇಳಿದರು. ಕೇಳಬೇಕಾದ್ದನ್ನು ಕೇಳಲಿಲ್ಲ. ನಾನೊಬ್ಬಳೇ ಬಂದದ್ದು ಕಣ್ಣೆದುರಿಗೇ ಇತ್ತಲ್ಲ. ಮನೆಗೆ ಬಂದು, ನಾನು ಚಹಾ ಇಟ್ಟು, ಅವರು ಅದರಲ್ಲಿ ಬಿಸ್ಕತ್ತು ನೆನೆಸುವಾಗ ಮೆಲ್ಲನೆ ಬಾಯಿಬಿಟ್ಟರು.

"ಎರಡು ವರ್ಷವಾ?"

"ಎರಡು ವರ್ಷ."

"ವಕ್ರಾದವರಿಗೆ ಎಂತ ಹೇಳುದು?"

"ಕಾಯ್ತಾರಾ ಕೇಳುವ. ಕಾಯದಿದ್ರೆ ಅವರಿಷ್ಟ."

ನಾನು ಬಾಲ್ದಿ, ಶಾಂಪೂ, ಉದ್ದ ಮೇಜು, ಎಲ್ಲವನ್ನೂ ಹೇಳಿದೆ. ಖಾಲಿ ಇದ್ದ ಎಡಬದಿಯ ವಿಷಯಕ್ಕೆ ಬಂದಾಗ ಅವರು ಚಹಾದ ಕಪ್ಪನ್ನು ಕೆಳಗಿಟ್ಟರು. ನಾನು ಮೇಜಿನ ಬಟ್ಟೆಯ ಅಂಚನ್ನು ಹಿಡಿದು ತೋರಿಸಿದೆ. "ನನ್ನದು ಇಲ್ಲಿ. ಅದರ ಪಕ್ಕದಲ್ಲಿ ಇಷ್ಟು ಜಾಗ ಬಿಟ್ಟು ಬಂದಿದ್ದೇನೆ. ಅದು ನಿಮ್ಮದು."

"ಕತ್ತರಿ ಆಗುದಿಲ್ವಾ?"

"ಆಗುದಿಲ್ಲ. ಕಚ್ಚಿಯೇ ಹರೀಬೇಕು."

ಇವರು ನಾಲಿಗೆಯಿಂದ ಆ ಅಲುಗುವ ಹಲ್ಲನ್ನು ತಳ್ಳಿ ನೋಡಿದರು. ನೆನೆದ ಬಿಸ್ಕತ್ತು ಕಪ್ಪಿನಲ್ಲೇ ಮುಳುಗಿಹೋಯಿತು, ಅದನ್ನು ಗಮನಿಸಲೂ ಇಲ್ಲ.

"ನಾಳೆ ಅಂಗಡಿ ಸ್ವಲ್ಪ ಲೇಟಾಗಿ ತೆಗೀತೇನೆ" ಎಂದರು. "ಹಲ್ಲಿನ ಡಾಕ್ಟರಲ್ಲಿಗೆ ಹೋಗಿ ಬರ್ಬೇಕು."